ಅಕ್ಕ ಕೂರಿಸಿದ ಡ್ರೈವರ್

ಪ್ರೀತಿಯ ಅಕ್ಕ,

ನೀನು ಫೋನ್ ಎತ್ತುತ್ತಿಲ್ಲವಲ್ಲ, ಅದಕ್ಕೇ ಭಾವನ ಕೈಯಲ್ಲಿ ಈ ಕಾಗದ ಕಳಿಸುತ್ತಿದ್ದೇನೆ. ಮನೆ ವಿಷಯವಲ್ಲ, ಆಸ್ಪತ್ರೆಯ ಸರ್ವರ್ ವಿಷಯ.

ಬೆಳಿಗ್ಗೆ ಸರ್ವರಿನ ತಿರುಳಾದ ಲಿನಕ್ಸ್ ಕರ್ನೆಲ್ ಅಪ್‌ಡೇಟ್ ಮಾಡಿ ರೀಸ್ಟಾರ್ಟ್ ಮಾಡಿದೆ. ನೆಟ್‌ವರ್ಕ್ ಕಾರ್ಡ್ ಮಾಯ! ಕರ್ನೆಲ್ ಬದಲಾದಾಗಲೆಲ್ಲ ಆ ಕಾರ್ಡನ್ನು ನಡೆಸುವ ಪ್ರೋಗ್ರಾಮನ್ನು, ಅದೇ ಡ್ರೈವರನ್ನು, ನೀನೇ ಮತ್ತೆ ಬಿಲ್ಡ್ ಮಾಡಿ ಕೂರಿಸುತ್ತಿದ್ದೆಯಂತೆ. ನನಗೇನು ಕನಸು ಬೀಳುತ್ತದೆಯೇ? ಬಿಲ್ಡ್ ಮಾಡೋಣವೆಂದರೆ ಹೊಸ ಕರ್ನೆಲ್ಲಿನ ಹೆಡರ್ ಫೈಲುಗಳು ಬೇಕಂತೆ. ಅವನ್ನು ಇಳಿಸಿಕೊಳ್ಳಲು ನೆಟ್ ಬೇಕು, ನೆಟ್ ಬರಲು ಡ್ರೈವರ್ ಬೇಕು. ತಲೆ ಗಿರ್ರೆನ್ನುತ್ತಿದೆ. ಪಕ್ಕದ ಸರ್ವರಿನ ಡ್ರೈವರನ್ನು ಪೆನ್‌ಡ್ರೈವಿನಲ್ಲಿ ತಂದು ಹಾಕಿದರೆ, ಬೇರೆ ಕರ್ನೆಲ್ಲಿಗೆ ಮಾಡಿದ್ದೆಂದು ಇದು ಮೂಸಿಯೂ ನೋಡಲಿಲ್ಲ. ನರ್ಸ್‌ಗಳು ಲ್ಯಾಬ್ ರಿಪೋರ್ಟುಗಳನ್ನು ಕೈಯಲ್ಲಿ ಹಿಡಿದು ಮೆಟ್ಟಿಲು ಹತ್ತುತ್ತಿದ್ದಾರೆ. "ಏನಮ್ಮಾ, ನಿಮ್ಮ ಪೆಟ್ಟಿಗೆ ಯಾವಾಗ ಬಾಯಿ ಬಿಡುತ್ತೆ?" ಎಂದು ಹೆಡ್ ನರ್ಸ್ ಕೇಳಿ ಹೋದರು.

ನೀನೂ ಈ ಪೆಟ್ಟಿಗೆಯ ಹಾಗೇ. ಆಸ್ಪತ್ರೆಯವರು ನಿನ್ನ ಕುರ್ಚಿ ನನಗೆ ಕೊಟ್ಟಾಗ "ತಗೋ, ನಂಗೇನೂ ಬೇಜಾರಿಲ್ಲ" ಅಂದವಳು ನೀನೇ. ಆಮೇಲೆ ಮಾತು ಬಿಟ್ಟವಳೂ ನೀನೇ. ಯಾವುದನ್ನು ನಂಬಲಿ?

ಇಷ್ಟು ಬರೆದು, ತೋಚದೆ ಮತ್ತೊಮ್ಮೆ ರೀಸ್ಟಾರ್ಟ್ ಮಾಡಿದೆ. ಪರದೆಯ ಮೇಲೆ ಹೊಸದರ ಕೆಳಗೆ ಹಳೆಯ ಕರ್ನೆಲ್ಲೂ ಕಂಡಿತು. ಅದನ್ನೇ ಆರಿಸಿದೆ. ನೀನು ಕೂರಿಸಿದ ಡ್ರೈವರ್ ಅದರೊಳಗೇ ಇತ್ತು. ನೆಟ್ ಬಂತು, ರಿಪೋರ್ಟುಗಳು ಹೋಗುತ್ತಿವೆ.

ಹಾಗಾದರೆ ಈ ಕಾಗದ ಹರಿದು ಹಾಕಬೇಕಿತ್ತು. ಯಾಕೋ ಕೈ ಬರುತ್ತಿಲ್ಲ. ನಾಳೆ ಬಂದು ಹೊಸದಕ್ಕೂ ಡ್ರೈವರ್ ಕೂರಿಸುವುದನ್ನು ತೋರಿಸಿಕೊಡು. ಮಾತಾಡಲೇಬೇಕೆಂದೇನಿಲ್ಲ.

ನೀನೇ ಹೆಸರಿಟ್ಟ
ಪಿಟೀಲು