ಎಮ್ಮಿಂಗು

ಹೂಗ್ಯಂ,
೭ ಆಗಸ್ಟ್ ೨೦೨೪

ಪ್ರೀತಿಯ ಅತ್ತೆಮ್ಮನಿಗೆ,

ರಾಣಿಯ ನಮಸ್ಕಾರಗಳು. ಮಂಡಿನೋವು ಹೇಗಿದೆ? ಯಳಂದೂರಿನಲ್ಲಿ ರತ್ನಳೂ ಕೂಸೂ ಚೆನ್ನಾಗಿದ್ದಾರಾ? ಮಗಳ ಬಾಣಂತನದ ಭರದಲ್ಲಿ ನಿಮ್ಮ ಊಟ ಮರೆಯಬೇಡಿ. ಇಲ್ಲಿ ಮೂರು ದಿನದಿಂದ ಫೋನಿಗೆ ಸಿಗ್ನಲ್ ಇಲ್ಲ. ಪಕ್ಕದ ಮನೆ ಮಾದಣ್ಣ ಅತ್ತ ಹೊರಟಿದ್ದಾರೆ, ಅವರ ಕೈಲಿ ಈ ಕಾಗದ. ರತ್ನ ಓದಿ ಹೇಳಲಿ.

ಸೋಮವಾರ ಹನೂರಿಗೆ ಹೊಲಿಗೆ ಟೀಚರ್ ಕೆಲಸದ ಸಂದರ್ಶನಕ್ಕೆ ಹೋಗಿದ್ದೆ. ಹೋದ ವರ್ಷ ಬಾಯೇ ಬಿಡದೆ ವಾಪಸು ಬಂದವಳಲ್ಲವೇ, ಈ ಸಲ ಬೇಡವೇ ಬೇಡ ಅಂತ ಕೂತಿದ್ದೆ. "ಓಗ್ಬುಟ್ಟು ಬಾ ಕಣವ್ವ, ಅವ್ರೇನ್ ಕಚ್ಚಾರಾ" ಎಂದು ನೀವು ಹೇಳಿ ಹೋದದ್ದು ನೆನಪಾಗಿ ಬಸ್ಸು ಹತ್ತಿದೆ. ಕೊಳ್ಳೇಗಾಲದಿಂದ ಬಂದಿದ್ದ ಸೋಮಮ್ಮ ಮೇಡಂ ಒಂದು ತುಂಡು ಬಟ್ಟೆ ಕೊಟ್ಟು, ಅಂಚು ಮಡಿಸಿ ಹೊಲಿಯಲು ಹೇಳಿದರು. ಹೊಲಿದು ಕೊಟ್ಟೆ. ಇದಕ್ಕೇನನ್ನುತ್ತಾರೆ ಎಂದರು. ಎರಡು ಸಲ ಕೆಮ್ಮಿ, ನಾವು ಮನೆಯಲ್ಲಿ ಅನ್ನುವ ಹಾಗೇ "ಎಮ್ಮಿಂಗು ಮೇಡಂ" ಎಂದುಬಿಟ್ಟೆ. ಪಕ್ಕದಲ್ಲಿದ್ದ ಗುಮಾಸ್ತರು "ಎಮ್ಮೆ ಕಟ್ಟಾಕಕ್ಕೆ ಬಂದಿದ್ದೀಯೇನವ್ವ" ಎಂದು ನಕ್ಕರು. ಕಿವಿಯೆಲ್ಲ ಬಿಸಿಯಾಯಿತು. ಎದ್ದು ಹೋಗೋಣವೆಂದು ಚೀಲಕ್ಕೆ ಕೈಹಾಕಿದವಳಿಗೆ ಅದೇನು ಧೈರ್ಯ ಬಂತೋ, "ಎಮ್ಮೆ ಕಟ್ಟೋದೂ ಗೊತ್ತು ಸಾ. ಅದು ಆಚೆ ಓಗ್ದಂಗೆ ಬೇಲಿ ಆಕ್ತೀವಿ. ಬಟ್ಟೆಯಿಂದ ದಾರ ಆಚೆ ಓಗ್ದಂಗೆ ಇದ್ನ ಆಕ್ತೀವಿ" ಎಂದೆ.

ಮೇಡಂ ಕನ್ನಡಕ ತೆಗೆದು ನನ್ನನ್ನೇ ನೋಡಿದರು. ನಾನು ಎಮ್ಮಿಂಗು ಅಂದದ್ದು ಹೆಮ್ಮಿಂಗ್ ಅಂತೆ. ಅದರಲ್ಲಿರುವ ಹೆಮ್ ಅನ್ನುವುದು ಇಂಗ್ಲಿಷಿನ ಬಹಳ ಹಳೆಯ ಮಾತಂತೆ, ಬಟ್ಟೆಯ ಅಂಚು ಅಂತ ಅರ್ಥ. ಇಂಗ್ಲಿಷಿಗೆ ನೆಂಟಸ್ತಿಕೆಯಿರುವ ಇನ್ನೊಂದು ಭಾಷೆಯಲ್ಲಿ ಅದೇ ಮಾತಿಗೆ ಬೇಲಿ ಹಾಕಿದ ಜಮೀನು ಎಂದರ್ಥವಂತೆ. ಯಾರನ್ನಾದರೂ ಸುತ್ತುಗಟ್ಟಿ ನಿಲ್ಲಿಸಿದರೂ ಇಂಗ್ಲಿಷಿನಲ್ಲಿ ಆ ಪದವೇ ಬರುತ್ತದಂತೆ. "ಮಾತಿಗೆ ಮುಂಚೆ ಕೆಮ್ಮಿದ್ಯಲ್ಲಮ್ಮ, ಅದಕ್ಕೂ ಹೆಮ್ ಅಂತಾರೆ. ಆದ್ರೆ ಅದು ಬೇರೆ ಪದ, ಬರೀ ಗಂಟಲಿನ ಸದ್ದು" ಎಂದು ಅವರೇ ನಕ್ಕರು. ಗುಮಾಸ್ತರು ಏನೋ ಬರೆಯುವವರ ಹಾಗೆ ತಲೆ ತಗ್ಗಿಸಿದರು. ಆಮೇಲೆ ಮೇಡಂ ಬಟ್ಟೆ ತಿರುಗಿಸಿ ನೋಡಿ, ಮೇಲೆ ಒಂದು ದಾರವೂ ಕಾಣುತ್ತಿಲ್ಲ, ಕೆಲಸ ನಿನ್ನದೇ ಎಂದರು. ಬಸ್ಸಿನಲ್ಲಿ ಒಬ್ಬಳೇ ನಗುತ್ತಾ ಬಂದೆ. ಕಂಡಕ್ಟರ್ ಎರಡು ಸಲ ತಿರುಗಿ ನೋಡಿದ. ನಿಮ್ಮ ಮಗನಂತೂ ಕೇಳದವರಿಗೂ ಹೇಳಿಕೊಂಡು ತಿರುಗುತ್ತಿದ್ದಾರೆ.

ರತ್ನಳಿಗೆ ನೆನಪು, ಕೂಸಿಗೆ ಮುತ್ತು. ನಿಮ್ಮ ಕೈ ನನ್ನ ತಲೆಯ ಮೇಲಿರಲಿ.

ನಿಮ್ಮ ಸೊಸೆ,
ರಾಣಿ

ತಾ.ಕ.: ಮಾದಣ್ಣ ಚಪ್ಪಲಿ ಮೆಟ್ಟಿ ನಿಂತಿದ್ದಾರೆ, ಬೇಗ ಬರೆಯುತ್ತೇನೆ. ತರಗತಿ ನಮ್ಮೂರಿನಲ್ಲೇ. ಹತ್ತು ಹೆಂಗಸರು ಸೇರದಿದ್ದರೆ ಶುರು ಮಾಡುವುದಿಲ್ಲವಂತೆ. ಒಂಬತ್ತು ಜನ ಸಿಕ್ಕಿದ್ದಾರೆ. ಹತ್ತನೆಯದು ಪುಟ್ಟಬಸಮ್ಮ ಅಂತ ನಿಮ್ಮ ಹೆಸರು ಬರೆಸಿಬಿಟ್ಟಿದ್ದೇನೆ. ಒಂದನೇ ತಾರೀಕಿನೊಳಗೆ ಬನ್ನಿ. ಬೈಯುವುದಿದ್ದರೆ ಮನೆಯಲ್ಲೇ ಬೈದುಬಿಡಿ, ತರಗತಿಯಲ್ಲಿ ನಾನು ಟೀಚರು.