ಸ್ವೆಟರ್ ಜೇಬಿನ ಅಗಸೆ

ಅತ್ತಿಗೆಯವರಿಗೆ ನಮಸ್ಕಾರ.

ನೀವು ಕಳಿಸಿದ ಅಗಸೆ ಬೀಜ ತಲುಪಿತು. ಇನ್ನು ಕಳಿಸಬೇಡಿ.

ದಿನಾ ಬೆಳಿಗ್ಗೆ ಹುರಿದು, ನಿಮ್ಮ ತಂಗಿಗೆ ಒಂದು ಚಮಚ ಕೊಡುತ್ತಿದ್ದೆ. ಡಬ್ಬಿಯ ಮೇಲೆ "ಅಗಸೆ ಅಗಿ, ಎದ್ದು ಜಿಗಿ" ಎಂದು ಪ್ರಾಸ ಬೇರೆ ಬರೆದಿದ್ದೆ. "ರೀ ಕವಿಗಳೇ, ಮೊದಲು ಒಲೆ ಆರಿಸಿ" ಎಂದು ನಗುತ್ತಲೇ ಬಾಯಿಗೆ ಹಾಕಿಕೊಳ್ಳುತ್ತಿದ್ದಳು.

ನಿನ್ನೆ ಒಗೆಯಲು ತೆಗೆದರೆ, ಅವಳ ಸ್ವೆಟರ್ ಜೇಬಿನಲ್ಲಿ ಅಂಟಿ ಉಂಡೆಯಾದ ಬೀಜ. ನಾನು ಬೆನ್ನು ತಿರುಗಿಸಿದಾಗಲೆಲ್ಲ ಉಗುಳಿ ಬಚ್ಚಿಟ್ಟಿದ್ದಾಳೆ. ಡಾಕ್ಟರನ್ನು ಕೇಳಿದೆ. ಗಡ್ಡೆ ಬೆಳೆದು ಗಂಟಲು ಮುಚ್ಚುತ್ತಾ ಬಂದು ತಿಂಗಳಾಗಿರಬೇಕು, ಇನ್ನೊಂದು ವಾರ ಅಷ್ಟೇ ಎಂದರು.

ಭಾನುವಾರದೊಳಗೆ ಬನ್ನಿ. ಬೀಜದ ಮಾತೆತ್ತಬೇಡಿ. ಸ್ವೆಟರನ್ನು ಒಗೆಯದೆ ಹಾಗೇ ಅವಳ ಕೈಗೆಟುಕುವ ಗೂಟಕ್ಕೆ ಹಾಕಿದ್ದೇನೆ.

ಇವತ್ತೂ ಒಂದು ಚಮಚ ಕೊಟ್ಟೆ. "ಹದವಾಗಿ ಹುರಿದಿದ್ದೀರಿ" ಎಂದಳು. ನಾನು ಬೆನ್ನು ತಿರುಗಿಸಿ ನಿಂತೆ.

ಇಂತಿ,
ನಿಮ್ಮ ತಂಗಿಯ ಗಂಡ