ಕೊಂಡಿಯಿಲ್ಲದ ವ್ಯಾಗನ್

ಮಂಗಳವಾರ, ಬೆಳಗಿನ ಚಹಾ ಆದ ಮೇಲೆ

ಟೈಲರಮ್ಮನವರಿಗೆ,

'ರೆಸ್ಪೆಕ್ಟೆಡ್ ಮೇಡಂ, ವಿತ್ ಡ್ಯೂ ರೆಸ್ಪೆಕ್ಟ್ ಐ ಬೆಗ್ ಟು' ಅಂತ ಶುರು ಮಾಡಿದ್ದೆ. ಬೆಗ್ ಆದ ಮೇಲೆ ಏನು ಬರಬೇಕು ಅನ್ನುವುದು ಮರೆತುಹೋಗಿದೆ. ಕಾಲೇಜಿನ ಇಂಗ್ಲಿಷು ರಜಾ ಅರ್ಜಿಗೆ ಸಾಕಾಗುತ್ತಿತ್ತು, ಇಂಥ ಪತ್ರಕ್ಕೆ ಸಾಲದು. ಆ ಹಾಳೆ ಹರಿದು ಹಾಕಿ ನಮ್ಮ ಮಾತಿನಲ್ಲೇ ಬರೆಯುತ್ತಿದ್ದೇನೆ.

ಶನಿವಾರ ಸಂಜೆ ನೀವು ಕೇಳಿದ್ದು ಇನ್ನೂ ಕಿವಿಯಲ್ಲಿದೆ. ಮಷೀನಿನಿಂದ ತಲೆ ಎತ್ತದೆ, ಹಲ್ಲಿನಲ್ಲಿ ದಾರ ಕಡಿಯುತ್ತಾ, 'ನೀವೂ ಒಬ್ಬರು, ನಾನೂ ಒಬ್ಬಳು. ಎರಡು ಮನೆ, ಎರಡು ಒಲೆ, ಯಾವ ಪುರುಷಾರ್ಥಕ್ಕೆ ಮಾಸ್ಟ್ರೇ? ಮದುವೆ ರಿಜಿಸ್ಟರ್ ಮಾಡಿಸ್ಕೊಂಡು ಒಂದೇ ಕಡೆ ಇರೋಣ' ಅಂದಿರಿ. ನಾನು ಎದ್ದವನೇ 'ಕೆಲಸ ಇದೆ' ಅಂತ ಹೊರಟುಬಿಟ್ಟೆ. ಆ ಗಡಿಬಿಡಿಯಲ್ಲಿ ಛತ್ರಿ ಕೂಡ ಅಲ್ಲೇ ಮರೆತೆ. ರಿಟೈರ್ ಆದವನಿಗೆ ಎಂಥ ಕೆಲಸ! ನಿಮಗೆ ಅವಮಾನ ಆಗಿರಬೇಕು. ಬೇಡ ಅಂತ ಎದ್ದು ಬಂದದ್ದಲ್ಲ, ಹೆದರಿ ಎದ್ದು ಬಂದೆ.

ವಿಷಯಕ್ಕೆ ಬರುತ್ತೇನೆ. (ಬರುತ್ತೇನೆ ಅಂತ ಬರೆದು, ಎದ್ದು ಹೋಗಿ ಇನ್ನೊಂದು ಲೋಟ ಚಹಾ ಕಾಯಿಸಿಕೊಂಡು ಬಂದೆ.) ನನಗೆ ಎಚ್‌ಐವಿ ಇದೆ. ಬಹಳ ವರ್ಷಗಳಿಂದ ಇದೆ. ಹೇಗೆ ಬಂತು ಅನ್ನುವುದನ್ನು ಎದುರಿಗೆ ಕೂತು ಹೇಳುತ್ತೇನೆ, ನೀವು ಎದುರಿಗೆ ಕೂರಲು ಒಪ್ಪಿದರೆ. ಸಂಜೆ ನಿಮ್ಮ ಅಂಗಡಿಯಲ್ಲಿ ಕೈಗಡಿಯಾರ ಕೂಗಿದೊಡನೆ ಒಂದು ಮಾತ್ರೆ ನುಂಗುತ್ತಿದ್ದೆನಲ್ಲ, ಬಿ.ಪಿ.ಗೆ ಅಂತ ಹೇಳಿದ್ದೆ. 'ನಿಮ್ಮ ಬಿ.ಪಿ.ಗೆ ಗಂಟೆ ನೋಡೋಕೂ ಬರುತ್ತಾ?' ಅಂತ ರೇಗಿಸಿದ್ದಿರಿ. ಆ ಮಾತ್ರೆ ಇದರದ್ದು.

ಪತ್ರ ಕೆಳಗಿಡಬೇಡಿ. ಮುಂದಿನದೇ ಮುಖ್ಯ.

ಮಾತ್ರೆಯ ಗುಂಪಿನ ಹೆಸರು ಉದ್ದ: ರಿವರ್ಸ್ ಟ್ರಾನ್ಸ್‌ಕ್ರಿಪ್ಟೇಸ್ ಇನ್ಹಿಬಿಟರ್. ಇನ್ಹ್ಯಾಬಿಟ್ ಅಂದರೆ ವಾಸ ಮಾಡುವುದು, ಇನ್ಹಿಬಿಟ್ ಅಂದರೆ ತಡೆಯುವುದು. ಎರಡನ್ನೂ ಕಲಸಿ ಬರೆದು ಕಾಲೇಜಿನಲ್ಲಿ ಬೈಸಿಕೊಂಡಿದ್ದೆ. ಈಗ ನನ್ನ ಮೈಯಲ್ಲಿ ಎರಡೂ ನಡೆಯುತ್ತಿವೆ. ಒಂದು ವಾಸವಾಗಿದೆ, ಇನ್ನೊಂದು ಅದನ್ನು ತಡೆದು ನಿಲ್ಲಿಸಿದೆ.

ಈ ಮಾತ್ರೆ ಕೊಡುವ ಲೇಡಿ ಡಾಕ್ಟರು ವಿವರಿಸಿದ್ದನ್ನು ನನಗೆ ತಿಳಿದ ಹಾಗೆ ಹೇಳುತ್ತೇನೆ. ನೀವು ತಮಾಷೆಗೆ ಸ್ಟೇಷನ್ ಮಾಸ್ಟ್ರು ಅಂತ ಕರೆದರೂ ನಾನು ದುಡಿದದ್ದು ಗೂಡ್ಸ್ ಯಾರ್ಡಿನಲ್ಲಿ, ವ್ಯಾಗನ್‌ಗೆ ವ್ಯಾಗನ್ ಕೊಂಡಿ ಹಾಕಿಕೊಂಡು. ಈ ವೈರಸ್ಸು ನಮ್ಮ ರಕ್ತದ ಬಿಳಿ ಕಣದೊಳಗೆ ನುಗ್ಗಿದ ಮೇಲೆ, ತಾನು ತಂದ ನಕ್ಷೆ ನೋಡಿ, ನಮ್ಮ ಹಳಿಗೆ ಹೊಂದುವ ಒಂದು ಹೊಸ ರೈಲು ಕಟ್ಟಬೇಕು. ಕಟ್ಟಲು ಅದರದೇ ಕೆಲಸಗಾರ ಇದ್ದಾನೆ. ರಿವರ್ಸ್ ಟ್ರಾನ್ಸ್‌ಕ್ರಿಪ್ಟೇಸ್ ಅಂದರೆ ಅವನೇ. ಒಂದೊಂದೇ ವ್ಯಾಗನ್ ತಂದು ಕೊಂಡಿ ಹಾಕುತ್ತಾ ಹೋಗುತ್ತಾನೆ. ನನ್ನ ಮಾತ್ರೆ ಅವನ ಕೈಗೆ ಸುಳ್ಳು ವ್ಯಾಗನ್ ಕೊಡುತ್ತದೆ. ನೋಡಲು ಅದೇ ಬಣ್ಣ, ಅದೇ ಅಳತೆ, ಹಿಂದುಗಡೆ ಮಾತ್ರ ಕೊಂಡಿಯಿಲ್ಲ. ಅದನ್ನು ಸೇರಿಸಿದನೋ, ಮುಗಿಯಿತು. ಅದರ ಹಿಂದೆ ಇನ್ನೊಂದು ಸೇರುವುದಿಲ್ಲ, ರೈಲು ಅರ್ಧಕ್ಕೇ ನಿಲ್ಲುತ್ತದೆ. ಇದೇ ಗುಂಪಿನ ಇನ್ನೊಂದು ಮದ್ದು ವ್ಯಾಗನ್ನು ಗೀಗನ್ನು ಏನೂ ಕೊಡದೆ ನೇರ ಅವನ ಮೊಣಕೈಯನ್ನೇ ಹಿಡಿದುಬಿಡುತ್ತದಂತೆ. ಒಂದರ ಕಣ್ಣು ತಪ್ಪಿಸಿದರೆ ಇನ್ನೊಂದು ಹಿಡಿಯಲಿ ಅಂತ ಎರಡು ಮೂರು ಮದ್ದು ಒಂದೇ ಮಾತ್ರೆಯಲ್ಲಿ ಸೇರಿಸಿ ಕೊಡುತ್ತಾರೆ. ದಿನವೂ ನುಂಗಬೇಕು. ಬಿಟ್ಟು ಬಿಟ್ಟು ನುಂಗಿದರೆ ಆ ಆಸಾಮಿ ಸುಳ್ಳು ವ್ಯಾಗನ್ ಗುರುತು ಹಿಡಿಯಲು ಕಲಿತುಬಿಡುತ್ತಾನೆ. ಮೊದಲೇ ಹಳಿಯೇರಿ ಅವಿತುಕೊಂಡ ರೈಲುಗಳನ್ನು ಮಾತ್ರೆ ಓಡಿಸಲಾರದು, ಹಾಗಾಗಿ ಇದು ಬದುಕಿರುವ ತನಕ.

ಆದರೆ ಟೈಲರಮ್ಮ, ರಕ್ತ ಪರೀಕ್ಷೆಯಲ್ಲಿ ಈಗ ವೈರಸ್ಸು ಸಿಗುವುದೇ ಇಲ್ಲ. 'ಅನ್‌ಡಿಟೆಕ್ಟಬಲ್' ಅಂತ ಬರೆದುಕೊಡುತ್ತಾರೆ, ಸ್ಪೆಲಿಂಗ್ ಕೇಳಬೇಡಿ. ಮಾತ್ರೆ ತಪ್ಪಿಸದೆ ಹೀಗೇ ಇರುವ ತನಕ ಗಂಡನಿಂದ ಹೆಂಡತಿಗೆ ದಾಟುವುದಿಲ್ಲ ಅಂತ ಡಾಕ್ಟರು ಖಡಾಖಂಡಿತವಾಗಿ ಹೇಳಿದರು. ನಾನು ನೆಲ ನೋಡುತ್ತಾ 'ನಿಜವಾಗ್ಲೂ?' ಅಂದೆ. 'ಯಾಕೆ, ಯಾರಾದ್ರೂ ಇದ್ದಾರಾ?' ಅಂದರು. ಕಿವಿ ಬಿಸಿಯಾಯಿತು. 'ಇದ್ರೆ ಕರ್ಕೊಂಡು ಬನ್ನಿ, ಅವರ ಪ್ರಶ್ನೆಗೆ ಅವರಿಗೇ ಉತ್ತರ ಕೊಡ್ತೀನಿ' ಅಂದರು. ಇದು ನೀವು ಶನಿವಾರ ಕೇಳಿದ ಮೇಲೆ ನಡೆದದ್ದಲ್ಲ. ಹೋದ ತಿಂಗಳು ನಡೆದದ್ದು.

ನಮ್ಮವಳಿಗೆ ಗೊತ್ತಿತ್ತೇ ಅಂತ ಕೇಳುತ್ತೀರಿ. ಗೊತ್ತಿತ್ತು. ಅವಳಿಗೆ ಇದು ತಗುಲಿರಲಿಲ್ಲ, ಹೋದದ್ದು ಹೃದಯ ನಿಂತು. ಮೊದಮೊದಲು ಮಾತ್ರೆಗೆ ತಲೆ ಸುತ್ತುತ್ತಿತ್ತು, ಕೆಟ್ಟ ಕನಸು ಬೀಳುತ್ತಿದ್ದವು. ಸಾಕಪ್ಪಾ ಅಂದರೆ, 'ಮೊದ್ಲು ನುಂಗ್ರೀ, ನಾಟಕ ಆಮೇಲೆ' ಅಂತ ನೀರು ಹಿಡಿದು ನಿಲ್ಲುತ್ತಿದ್ದಳು. ನೀವು ಗದರಿಸುವಾಗ ಆ ದನಿ ನೆನಪಾಗುತ್ತದೆ. ಬೇಜಾರು ಮಾಡಿಕೊಳ್ಳಬೇಡಿ, ಹೊಗಳಿಕೆ ಅದು.

ನನ್ನ ಆರೋಗ್ಯಕ್ಕೆ ಸಾಕ್ಷಿ ಬೇಕಿದ್ದರೆ ನಿಮ್ಮ ಹತ್ತಿರವೇ ಇದೆ. ನನ್ನ ಪ್ಯಾಂಟಿನ ಸೊಂಟ ಎರಡು ಸಲ ಬಿಚ್ಚಿ ಅಗಲ ಮಾಡಿದವರು ನೀವು. 'ಒಳಗೆ ಇನ್ನು ಬಟ್ಟೆ ಉಳಿದಿಲ್ಲ, ಊಟ ಕಡಿಮೆ ಮಾಡಿ' ಅಂದವರೂ ನೀವೇ.

ಯೋಚನೆ ಮಾಡಿ. ಬೇಡ ಅನ್ನಿಸಿದರೆ ನನ್ನ ಛತ್ರಿಯನ್ನು ಬಾಗಿಲ ಹೊರಗಿನ ಮೊಳೆಗೆ ನೇತುಹಾಕಿ. ಶುಕ್ರವಾರ ಆ ಕಡೆ ಬಂದಾಗ ತೆಗೆದುಕೊಂಡು ಸುಮ್ಮನೆ ಹೋಗುತ್ತೇನೆ, ಒಂದು ಮಾತೂ ಆಡುವುದಿಲ್ಲ. ಹೊರಗೆ ಕಾಣದಿದ್ದರೆ ಒಳಗೆ ಬಂದು ಕೇಳುತ್ತೇನೆ.

ಯುವರ್ಸ್ ಒಬೀಡಿಯಂಟ್ಲಿ (ಇದೊಂದು ಪೂರ್ತಿ ನೆನಪಿದೆ),
ನಿಮ್ಮ ಸ್ಟೇಷನ್ ಮಾಸ್ಟ್ರು

ಪಿ.ಎಸ್.: ಛತ್ರಿ ಮರೆತೆ ಅಂತ ಮೇಲೆ ಬರೆದದ್ದು ಸುಳ್ಳು. ಮೆಟ್ಟಿಲು ಇಳಿಯುವಾಗಲೇ ಜ್ಞಾಪಕ ಬಂದಿತ್ತು, ಹೊರಗೆ ಮಳೆಯೂ ಜೋರಾಗಿತ್ತು. ಬೇಕೆಂದೇ ಬಿಟ್ಟು ನೆನೆದುಕೊಂಡು ಬಂದೆ.